ಬೊಟುಲಿನಮ್ ಟಾಕ್ಸಿನ್: ಮುಖದ ಸುಕ್ಕಿನ ಸೂಜಿಮದ್ದು, ಅದರ ಸಿದ್ಧತೆ ಮತ್ತು ಜೋಪಾನ

ಬೊಟುಲಿನಮ್ ಟಾಕ್ಸಿನ್: ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯ ಗಾಳಿಯಾಡದ ಕಡೆ ಬೆಳೆಯುವಾಗ ಉತ್ಪಾದಿಸುವ ನರವಿಷ. ಇದುವರೆಗೆ ತಿಳಿದಿರುವ ವಿಷಗಳಲ್ಲೆಲ್ಲ ಅತ್ಯಂತ ತೀಕ್ಷ್ಣವಾದುದು. ಅದನ್ನೇ ಶುದ್ಧಗೊಳಿಸಿ, ನ್ಯಾನೊಗ್ರಾಮ್ ಲೆಕ್ಕದಲ್ಲಿ ಅಳೆದು, ಒಣಗಿಸಿ ಪುಟ್ಟ ಗಾಜಿನ ವಯಲಿನಲ್ಲಿ ಮುಚ್ಚಿಟ್ಟರೆ ಔಷಧ. ಹುಬ್ಬು ಗಂಟಿಕ್ಕಿದಾಗ ಏಳುವ ಗೆರೆ, ಹಣೆಯ ಅಡ್ಡಗೆರೆ, ನಕ್ಕಾಗ ಕಣ್ಣಿನ ಹೊರತುದಿಯಲ್ಲಿ ಹರಡುವ ಸಣ್ಣ ಸುಕ್ಕು ಇವುಗಳನ್ನು ಕೆಲವು ತಿಂಗಳ ಮಟ್ಟಿಗೆ ಸಡಿಲಿಸಲು ಇದನ್ನು ಸೂಜಿಯ ಮೂಲಕ ಕೊಡುತ್ತಾರೆ. ಜನರ ಬಾಯಲ್ಲಿರುವ ‘ಬೊಟಾಕ್ಸ್’ ಒಂದು ಕಂಪನಿಯ ಸರಕಿನ ಹೆಸರು. ಡಿಸ್‌ಪೋರ್ಟ್, ಜಿಯೋಮಿನ್ ಮುಂತಾದವು ಇದೇ ಬಗೆಯ ಬೇರೆ ಸರಕುಗಳು.

ಈ ಚಿಕಿತ್ಸೆಯ ಬಗ್ಗೆ ಬರುವ ಬರಹಗಳಲ್ಲಿ ಎಲ್ಲಿ ಚುಚ್ಚಬೇಕು, ಎಷ್ಟು ಚೆಂದ ಕಾಣುತ್ತದೆ ಎಂಬ ಮಾತೇ ಹೆಚ್ಚು. ಆದರೆ ಸೂಜಿ ಚರ್ಮಕ್ಕೆ ತಾಗುವ ಮೊದಲೇ ಅರ್ಧ ಚಿಕಿತ್ಸೆ ತೀರ್ಮಾನವಾಗಿರುತ್ತದೆ. ವಯಲು ಎಲ್ಲಿಂದ ಬಂತು, ದಾರಿಯಲ್ಲಿ ತಂಪಾಗಿತ್ತೇ, ಎಷ್ಟು ಸಲೈನಿನಲ್ಲಿ ಕಲಸಲಾಯಿತು, ಯಾವ ಸಿರಿಂಜಿನಲ್ಲಿ ಎಳೆಯಲಾಯಿತು ಎಂಬುದರ ಮೇಲೆ ಗುಣವೂ ಅಪಾಯವೂ ನಿಂತಿವೆ. ಆದ್ದರಿಂದ ಇಲ್ಲಿ ಹೆಚ್ಚು ಜಾಗ ಆ ಭಾಗಕ್ಕೇ ಸಂದಿದೆ. ಉದಾಹರಣೆಗೆ ಆರಿಸಿಕೊಂಡಿರುವುದು ಕಲಬುರಗಿ ಜಿಲ್ಲೆಯ ಭೀಮಾ ತೀರ, ಅಂದರೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ ಮತ್ತು ಅದರ ನೆರೆಯ ಆಳಂದ, ಜೇವರ್ಗಿ ಸೀಮೆ. ಬೇಸಿಗೆಯಲ್ಲಿ ಈ ಔಷಧವನ್ನು ಕೆಡದಂತೆ ಕಾಯುವುದು ಎಷ್ಟು ಕಠಿಣವೆಂದು ತಿಳಿಯಲು ಇದಕ್ಕಿಂತ ತಕ್ಕ ಸೀಮೆ ಸಿಗಲಾರದು.

ವಿಷ ಮದ್ದಾದ ಬಗೆ

ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತ್ಯದಲ್ಲಿ ಕೆಟ್ಟ ಮಾಂಸದ ಸಾಸೇಜ್ ತಿಂದವರು ಕಣ್ಣುರೆಪ್ಪೆ ಜೋತು, ನುಂಗಲಾಗದೆ, ಕೊನೆಗೆ ಉಸಿರು ಕಟ್ಟಿ ಸಾಯುತ್ತಿದ್ದರು. ಕವಿಯೂ ವೈದ್ಯನೂ ಆಗಿದ್ದ ಯುಸ್ಟಿನುಸ್ ಕೆರ್ನರ್ 1820 ಮತ್ತು 1822ರಲ್ಲಿ ಈ ಕಾಯಿಲೆಯನ್ನು ವಿವರವಾಗಿ ದಾಖಲಿಸಿದ. ಅಲ್ಪ ಪ್ರಮಾಣದಲ್ಲಿ ಇದೇ ವಿಷ ಔಷಧವಾಗಬಲ್ಲದೆಂದು ಊಹಿಸಿದವನೂ ಅವನೇ. ಹೆಸರಿನ ಮೂಲ ಲ್ಯಾಟಿನ್ನಿನ ‘ಬೊಟುಲಸ್’, ಅಂದರೆ ಸಾಸೇಜ್. 1895ರಲ್ಲಿ ಬೆಲ್ಜಿಯಂನ ಎಲ್ಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದವರು ಉಪ್ಪು ಹಾಕಿಟ್ಟ ಹಂದಿಮಾಂಸ ತಿಂದು ಕಾಯಿಲೆ ಬಿದ್ದರು, ಮೂವರು ಸತ್ತರು. ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸದಿಂದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ತೋರಿಸಿದ.

1946ರಲ್ಲಿ ಎಡ್ವರ್ಡ್ ಶಾಂಟ್ಸ್ ಎ ಬಗೆಯ ವಿಷವನ್ನು ಹರಳಿನ ರೂಪಕ್ಕೆ ತಂದ. ಸ್ಯಾನ್ ಫ್ರಾನ್ಸಿಸ್ಕೊದ ನೇತ್ರವೈದ್ಯ ಅಲನ್ ಸ್ಕಾಟ್ ಅದನ್ನು ಮೆಳ್ಳೆಗಣ್ಣಿಗೆ ಬಳಸಿ 1980ರಲ್ಲಿ ಫಲಿತಾಂಶ ಪ್ರಕಟಿಸಿದ. 1989ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ಆಡಳಿತ ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ ಅನುಮತಿ ಕೊಟ್ಟಿತು. ಸುಕ್ಕಿನ ವಿಷಯ ಗಮನಕ್ಕೆ ಬಂದದ್ದು ಕೆನಡಾದ ವ್ಯಾಂಕೂವರಿನಲ್ಲಿ. ರೆಪ್ಪೆಯ ಸೆಳೆತಕ್ಕೆ ಸೂಜಿ ಹಾಕಿಸಿಕೊಳ್ಳುತ್ತಿದ್ದವರ ಹುಬ್ಬಿನ ನಡುವಿನ ಗೆರೆ ಮಾಯವಾಗುವುದನ್ನು ನೇತ್ರವೈದ್ಯೆ ಜೀನ್ ಕರುದರ್ಸ್ ಕಂಡರು. ಅವರ ಪತಿ ಅಲಸ್ಟೇರ್ ಚರ್ಮವೈದ್ಯರು. ಇಬ್ಬರೂ ಸೇರಿ 1992ರಲ್ಲಿ ಅದನ್ನು ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೆ ಅಮೆರಿಕದಲ್ಲಿ 2002ರ ಏಪ್ರಿಲಿನಲ್ಲಿ, ಕಣ್ಣಿನ ಹೊರತುದಿಗೆ 2013ರಲ್ಲಿ, ಹಣೆಯ ಗೆರೆಗೆ 2017ರಲ್ಲಿ ಅನುಮತಿ ಸಿಕ್ಕಿತು. ಭಾರತದಲ್ಲಿ ಚರ್ಮರೋಗ ತಜ್ಞರ ಸಂಘದ ಕಾರ್ಯಪಡೆ ಎ ಬಗೆಯ ಟಾಕ್ಸಿನ್ ಬಳಕೆಗೆ ಮಾರ್ಗಸೂಚಿ ಹೊರಡಿಸಿದ್ದು 2008ರಲ್ಲಿ.

ಟಾಕ್ಸಿನ್ ಕೆಲಸ ಮಾಡುವ ಬಗೆ ಸರಳ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಿದ್ದರೆ ಸ್ನಾಯು ಮಿಡಿಯುತ್ತದೆ. ಅದು ಹೊರಬೀಳಲು ಸ್ನ್ಯಾಪ್-25 ಎಂಬ ಪ್ರೋಟೀನು ಬೇಕು. ಟಾಕ್ಸಿನ್ ಆ ಪ್ರೋಟೀನನ್ನು ತುಂಡರಿಸುತ್ತದೆ. ಸ್ನಾಯು ಸಾಯುವುದಿಲ್ಲ, ಅಪ್ಪಣೆ ತಲುಪದೆ ಸುಮ್ಮನಿರುತ್ತದೆ. ಎರಡು ಮೂರು ದಿನಕ್ಕೆ ಗುಣ ಕಾಣತೊಡಗಿ, ಸುಮಾರು ಎರಡು ವಾರಕ್ಕೆ ಪೂರ್ತಿಯಾಗಿ, ಮೂರು ನಾಲ್ಕು ತಿಂಗಳಿಗೆ ನರದ ತುದಿ ಚೇತರಿಸಿಕೊಂಡಾಗ ಗೆರೆ ಮರಳುತ್ತದೆ.

ಬಿಸಿಲಿನ ಸುಕ್ಕು, ಹುಬ್ಬಿನ ಗಂಟು

ಗಾಣಗಾಪುರ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಊರು. ದತ್ತ ಸಂಪ್ರದಾಯದ ಶ್ರೀ ನೃಸಿಂಹ ಸರಸ್ವತಿಗಳು ನೆಲೆಸಿದ್ದ ಕ್ಷೇತ್ರ. ನಿರ್ಗುಣ ಮಠದ ಪಾದುಕೆಗಳ ದರ್ಶನಕ್ಕೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಜನ ಬರುತ್ತಾರೆ. ಮೈಗೂ ಮನಸ್ಸಿಗೂ ಗುಣ ಬೇಡಿ ಬರುವವರು ಅವರಲ್ಲಿ ಬಹಳ. ಕುಷ್ಠದಿಂದ ನೊಂದ ನರಹರಿ ಎಂಬ ಬ್ರಾಹ್ಮಣ ಗುರುಗಳ ಮಾತಿನಂತೆ ಸಂಗಮದಲ್ಲಿ ಒಣ ಔದುಂಬರದ ಕೊರಡಿಗೆ ನೀರೆರೆದ ಕಥೆ ‘ಗುರುಚರಿತ್ರೆ’ಯಲ್ಲಿದೆ. ಕೊರಡು ಚಿಗುರಿತು, ಅವನ ಮೈಯೂ ಶುದ್ಧವಾಯಿತು. ಚರ್ಮದ ವ್ಯಾಧಿ ಬರಿಯ ಮೇಲ್ಮೈಯ ಸಂಗತಿಯಲ್ಲ, ಮನುಷ್ಯನ ಮಾನಕ್ಕೆ ತಾಗುವಂಥದು ಎಂಬ ಅರಿವು ಈ ನೆಲಕ್ಕೆ ಹಳೆಯದು. ಸುಕ್ಕು ವ್ಯಾಧಿಯಲ್ಲ ನಿಜ, ಆದರೆ ‘ಮಾರಿ’ (ಮುಖ) ಬಾಡಿತೆಂದು ಕೊರಗುವವರ ಕೊರಗನ್ನು ಹಗುರವಾಗಿ ಕಾಣಬೇಕಾಗಿಲ್ಲ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಹೇಳಬೇಕು. ಟಾಕ್ಸಿನ್ ಅಳಿಸುವುದು ಸ್ನಾಯುವಿನ ಚಲನೆಯಿಂದ ಮೂಡುವ ಗೆರೆಯನ್ನು. ಮುಖ ಸುಮ್ಮನಿದ್ದಾಗ ಕಾಣದೆ, ಹುಬ್ಬು ಗಂಟಿಕ್ಕಿದಾಗ ಮಾತ್ರ ಕಾಣುವ ಗೆರೆ ಅದು. ತೊಗರಿ ಹೊಲದಲ್ಲಿ ನಲವತ್ತು ವರ್ಷ ಕಳೆ ಕಿತ್ತ ಹೆಣ್ಣುಮಗಳ ಮುಖದ ಸುಕ್ಕು ಬೇರೆ. ಬಿಸಿಲು ಚರ್ಮದ ಒಳಗಿನ ಕೊಲಾಜೆನ್ ಎಳೆಗಳನ್ನೇ ಮುರಿದಿರುತ್ತದೆ, ನಕ್ಕರೂ ನಗದಿದ್ದರೂ ಸುಕ್ಕು ಹಾಗೇ ಇರುತ್ತದೆ. ಕಪ್ಪು ಚರ್ಮದ ಮೆಲನಿನ್ ಬಿಸಿಲನ್ನು ಬಹುಮಟ್ಟಿಗೆ ತಡೆಯುತ್ತದೆ, ಪೂರ್ತಿ ತಡೆಯದು. ಅಂಥ ಸುಕ್ಕಿಗೆ ಈ ಸೂಜಿ ಹಾಕಿ ಹಣ ಪಡೆಯುವುದು ಅನ್ಯಾಯ. ಸೆರಗು, ಪಟಗಾ (ತಲೆಯ ರುಮಾಲು), ನೆರಳು, ಬಿಸಿಲು ತಡೆಯುವ ಕ್ರೀಮು ಇವು ಅಲ್ಲಿ ಹೆಚ್ಚು ಉಪಕಾರಿ.

ಈ ಸೀಮೆಯವರು ಚರ್ಮದ ವೈದ್ಯರಿಗಾಗಿ ಸಾಮಾನ್ಯವಾಗಿ ಕಲಬುರಗಿಗೆ ಹೋಗುತ್ತಾರೆ. ಗಾಣಗಾಪುರದಿಂದ ಅದು ಸುಮಾರು 40 ಕಿ.ಮೀ. ಅಲ್ಲಿ 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಸೇರಿದಂತೆ ಹಲವು ವೈದ್ಯಕೀಯ ಕಾಲೇಜುಗಳಿವೆ. ಗಡಿಯ ಆಚೆ ಸೊಲ್ಲಾಪುರವೂ ದೂರವಲ್ಲ. ಇದೇ ಟಾಕ್ಸಿನ್ ಕುತ್ತಿಗೆಯ ಸೆಳೆತ, ಪಾರ್ಶ್ವವಾಯುವಿನ ನಂತರದ ಬಿಗಿತ, ಮಿದುಳಿನ ಪಾರ್ಶ್ವವಾಯುವಿರುವ ಮಕ್ಕಳ ಕಾಲಿನ ಬಿಗಿತ, ಅಂಗೈಯ ಅತಿಬೆವರು ಇವಕ್ಕೂ ಮದ್ದು. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ವಿಭಾಗ ಇದನ್ನು ಬಳಸುವುದು ಅಂಥ ಕಾಯಿಲೆಗಳಿಗೆ. ಅಲ್ಲಿ ಡೋಸು ಹೆಚ್ಚು, ಕಲಸುವ ಮತ್ತು ಕಾಯುವ ನಿಯಮ ಒಂದೇ.

ತಂಪು

ಮುಚ್ಚಿದ ಬೊಟಾಕ್ಸ್ ಮತ್ತು ಡಿಸ್‌ಪೋರ್ಟ್ ವಯಲುಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಜಿಯೋಮಿನ್ ವಯಲನ್ನು ಫ್ರಿಜ್ಜಿನ ಹೊರಗೂ ಇಡಬಹುದೆಂದು ಅದರ ಜತೆ ಬರುವ ಸೂಚನೆಯ ಚೀಟಿ ಹೇಳುತ್ತದೆ. ಆದರೆ ಅಲ್ಲಿ ಕೋಣೆಯ ಉಷ್ಣತೆ ಎಂದರೆ 25 ಡಿಗ್ರಿಯ ಒಳಗೆ. ಕಲಬುರಗಿ ಸೀಮೆಯಲ್ಲಿ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ವಾಡಿಕೆ. ಪರದೇಶದ ಚೀಟಿಯ ‘ಕೋಣೆಯ ಉಷ್ಣತೆ’ ಈ ಊರಿನ ಕೋಣೆಗೆ ಅನ್ವಯಿಸುವುದಿಲ್ಲ. ಇಲ್ಲಿ ಎಲ್ಲ ವಯಲೂ ಫ್ರಿಜ್ಜಿನಲ್ಲೇ ಇರಬೇಕು.

ಲಸಿಕೆ ಕಾಯುವ ವಿದ್ಯೆ ಈ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ಚೆನ್ನಾಗಿ ಗೊತ್ತು: ಐಸ್ ಗೋಡೆಯ ಫ್ರಿಜ್, ಒಳಗೆ ತೂಗುವ ಥರ್ಮಾಮೀಟರ್, ದಿನಕ್ಕೆರಡು ಬಾರಿ ಉಷ್ಣತೆಯ ದಾಖಲೆ, ಹಳ್ಳಿಗೆ ಒಯ್ಯಲು ನಾಲ್ಕು ಐಸ್‌ಪ್ಯಾಕ್‌ಗಳ ಕ್ಯಾರಿಯರ್. ಖಾಸಗಿ ಕ್ಲಿನಿಕ್ ಅದನ್ನೇ ಕಲಿತರೆ ಸಾಕು. ವಯಲನ್ನು ಫ್ರಿಜ್ಜಿನ ಬಾಗಿಲಲ್ಲಿಡದೆ ನಡುವಿನ ತಟ್ಟೆಯಲ್ಲಿಡಬೇಕು. ಊಟದ ಡಬ್ಬಿಯ ಜತೆ ಇಡಬಾರದು. ಕರೆಂಟು ಹೋದಾಗ ಬಾಗಿಲು ತೆರೆಯದಿರುವುದೇ ದೊಡ್ಡ ರಕ್ಷಣೆ, ಒಳಗಿಟ್ಟ ನೀರಿನ ಬಾಟಲಿ ಮತ್ತು ಐಸ್‌ಪ್ಯಾಕ್‌ ಅದಕ್ಕೆ ನೆರವಾಗುತ್ತವೆ. ಒಂದು ವ್ಯತ್ಯಾಸ ಮಾತ್ರ ನೆನಪಿರಬೇಕು. ಸರ್ಕಾರಿ ಲಸಿಕೆಯ ಬಾಟಲಿಯ ಮೇಲೆ ಬಿಸಿ ತಾಗಿದರೆ ಬಣ್ಣ ಬದಲಿಸುವ ಚೌಕವಿರುತ್ತದೆ. ಟಾಕ್ಸಿನ್ ವಯಲಿನ ಮೇಲೆ ಅಂಥ ಗುರುತಿಲ್ಲ. ಬಿಸಿಲಿನಲ್ಲಿ ಬಸ್ಸಿನ ಲಗೇಜ್ ಪೆಟ್ಟಿಗೆಯಲ್ಲಿ ಬಂದ ವಯಲೂ ತಂಪಾಗಿ ಬಂದ ವಯಲೂ ಕಣ್ಣಿಗೆ ಒಂದೇ. ಪ್ರೋಟೀನು ಕೆಟ್ಟಿದ್ದರೆ ಗೊತ್ತಾಗುವುದು ಎರಡು ವಾರದ ಮೇಲೆ, ಗೆರೆ ಹಾಗೇ ಉಳಿದಾಗ. ಕೊರಿಯರ್ ಪೆಟ್ಟಿಗೆ ತೆರೆದಾಗಲೇ ಐಸ್‌ಪ್ಯಾಕ್‌ ತಣ್ಣಗಿದೆಯೇ ನೋಡಿ, ಉಷ್ಣತೆ ಅಳೆದು ಬರೆದಿಡಬೇಕು. ಕರಗಿ ಬಿಸಿಯಾಗಿದ್ದರೆ ಪೆಟ್ಟಿಗೆಯನ್ನು ಮರಳಿಸಬೇಕು.

ಕಲಸುವುದು

ಬೊಟಾಕ್ಸಿನ 100 ಯೂನಿಟ್ಟಿನ ವಯಲಿನಲ್ಲಿ ಕಣ್ಣಿಗೆ ಬೀಳುವುದು ತಳದಲ್ಲಿ ಅಂಟಿದ ತೆಳು ಬಿಳಿ ಪದರ. ಅದರಲ್ಲಿ ಬಹುಪಾಲು 0.5 ಮಿಲಿಗ್ರಾಮ್ ಮಾನವ ಆಲ್ಬುಮಿನ್ ಮತ್ತು 0.9 ಮಿಲಿಗ್ರಾಮ್ ಉಪ್ಪು. ಆಲ್ಬುಮಿನ್ ರಕ್ತದಾನಿಗಳ ಪ್ಲಾಸ್ಮಾದಿಂದ ಬಂದದ್ದು. ಆಹಾರ, ಆಚಾರಗಳ ಕಟ್ಟುನಿಟ್ಟಿರುವ ಭಕ್ತರಿಗೆ ಇದನ್ನು ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯವೆಂದೇ ಈ ಲೇಖಕನ ಅಭಿಪ್ರಾಯ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ಕಲಸಲು ಬೇಕಾದದ್ದು 0.9 ಶೇಕಡಾ ಸಲೈನ್, ಚೀಟಿಯ ಪ್ರಕಾರ ಸಂರಕ್ಷಕ ಸೇರಿಸದ್ದು. ಹೊಸ ಸಣ್ಣ ಆಂಪ್ಯೂಲ್ ಒಡೆಯಬೇಕೇ ಹೊರತು ಇನ್ನೊಬ್ಬ ರೋಗಿಗೆ ತೂಗುಹಾಕಿದ ಸಲೈನ್ ಬಾಟಲಿಯಿಂದ ಎಳೆದುಕೊಳ್ಳಬಾರದು. ಬೆಂಜೈಲ್ ಆಲ್ಕೋಹಾಲ್ ಸೇರಿದ ಸಲೈನಿನಲ್ಲಿ ಕಲಸಿದರೆ ನೋವು ಕಡಿಮೆಯೆಂದು 2002ರಲ್ಲಿ 15 ಜನರ ಮೇಲೆ ನಡೆದ ಅಧ್ಯಯನ ತೋರಿಸಿತು. ಅನೇಕ ಚರ್ಮವೈದ್ಯರು ಅದನ್ನೇ ಬಳಸುತ್ತಾರೆ, ಆದರೆ ಅದು ಚೀಟಿಗೆ ಹೊರತಾದ ಪದ್ಧತಿ.

ರಬ್ಬರ್ ಮುಚ್ಚಳವನ್ನು ಸ್ಪಿರಿಟ್ಟಿನಿಂದ ಒರೆಸಿ, ಅದು ಪೂರ್ತಿ ಆರುವವರೆಗೆ ಕಾಯಬೇಕು. ಸ್ಪಿರಿಟ್ ಒಳಸೇರಿದರೆ ಪ್ರೋಟೀನು ಕೆಡುತ್ತದೆ. ಸೂಜಿಯನ್ನು ಓರೆಯಾಗಿ ಚುಚ್ಚಿದೊಡನೆ ವಯಲಿನೊಳಗಿನ ನಿರ್ವಾತ ಸಲೈನನ್ನು ತಾನೇ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳದಿದ್ದರೆ ಆ ವಯಲನ್ನು ಬಳಸಕೂಡದು. ಮುಚ್ಚಳ ಎಲ್ಲೋ ಸಡಿಲಾಗಿದೆ ಎಂದೇ ಅದರ ಅರ್ಥ, ಬೆಲೆ ಎಷ್ಟಿದ್ದರೂ ಎಸೆಯಲೇಬೇಕು. ಸಲೈನ್ ಸೇರಿದ ಮೇಲೆ ವಯಲನ್ನು ಅಂಗೈಯಲ್ಲಿ ಮೆಲ್ಲಗೆ ತಿರುಗಿಸುತ್ತಾರೆ, ಕುಲುಕುವುದಿಲ್ಲ. ನೊರೆ ಎದ್ದರೂ ಶಕ್ತಿ ಕುಂದುವುದಿಲ್ಲವೆಂಬ ಅಧ್ಯಯನಗಳಿವೆ. ಆದರೂ ನೊರೆಯಿದ್ದರೆ ಸಿರಿಂಜಿನಲ್ಲಿ ಅಳತೆ ತಪ್ಪುತ್ತದೆ, ಮೆಲ್ಲಗೆ ತಿರುಗಿಸಲು ಅಷ್ಟು ಕಾರಣ ಸಾಕು. ದ್ರವ ತಿಳಿಯಾಗಿರಬೇಕು. ಕಲಸಿದ ದಿನ, ಗಂಟೆ, ಹಾಕಿದ ಸಲೈನಿನ ಅಳತೆ ಇವನ್ನು ಆಗಲೇ ವಯಲಿನ ಮೇಲೆ ಬರೆಯಬೇಕು.

ಲೆಕ್ಕ ಹೀಗಿದೆ. 100 ಯೂನಿಟ್ಟಿಗೆ 2.5 ಮಿಲಿಲೀಟರ್ ಸಲೈನ್ ಹಾಕಿದರೆ 0.1 ಮಿಲಿಲೀಟರಿನಲ್ಲಿ 4 ಯೂನಿಟ್. 50 ಯೂನಿಟ್ಟಿನ ವಯಲಿಗೆ 1.25 ಮಿಲಿಲೀಟರ್ ಹಾಕಿದರೂ ಅಷ್ಟೇ. 100 ಯೂನಿಟ್ಟನ್ನು 1 ಮಿಲಿಲೀಟರಿನಲ್ಲಿ ಕಲಸಿದರೆ 0.1 ಮಿಲಿಲೀಟರಿಗೆ 10 ಯೂನಿಟ್. ಸಲೈನ್ ಕಡಿಮೆಯಾದಷ್ಟೂ ಮದ್ದು ಚುಚ್ಚಿದಲ್ಲೇ ನಿಲ್ಲುತ್ತದೆ, ಹೆಚ್ಚಾದಷ್ಟೂ ಸುತ್ತ ಹರಡುತ್ತದೆ.

ನಮ್ಮ ದೇಶದಲ್ಲಿ ಇಲ್ಲೊಂದು ಕಂದಕವಿದೆ. ಮುಖಕ್ಕೆ ಚುಚ್ಚಲು ವೈದ್ಯರು ಸಾಮಾನ್ಯವಾಗಿ ಬಳಸುವುದು ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಸಿರಿಂಜ್, ಅದರ ಸೂಜಿ ಸಣ್ಣದು. ಔಷಧದ ಅಂಗಡಿಯಲ್ಲಿ ಅದು ಎರಡು ಬಗೆ: ಕೆಂಪು ಟೊಪ್ಪಿಯ ಯು-40, ಕಿತ್ತಳೆ ಟೊಪ್ಪಿಯ ಯು-100. ಮೊದಲನೆಯದರಲ್ಲಿ ಒಂದು ಯೂನಿಟ್ಟಿನ ಗೆರೆಗೆ 0.025 ಮಿಲಿಲೀಟರ್, ಎರಡನೆಯದರಲ್ಲಿ 0.01. 2.5 ಮಿಲಿಲೀಟರಿನಲ್ಲಿ ಕಲಸಿದ ಬೊಟಾಕ್ಸ್ ಮಿಲಿಲೀಟರಿಗೆ ಸರಿಯಾಗಿ 40 ಯೂನಿಟ್ ಇರುವುದರಿಂದ ಯು-40 ಸಿರಿಂಜಿನ ಒಂದು ಗೆರೆಗೆ ಒಂದು ಯೂನಿಟ್ ಹೊಂದುತ್ತದೆ, ಬಹಳ ಅನುಕೂಲ. ಆ ದಿನ ಅಂಗಡಿಯವನು ಯು-100 ಕೊಟ್ಟಿದ್ದು ಯಾರೂ ಗಮನಿಸದಿದ್ದರೆ, ನಾಲ್ಕು ಗೆರೆ ಎಳೆದಾಗ ಬರುವುದು 1.6 ಯೂನಿಟ್, ಚಿಕಿತ್ಸೆ ವ್ಯರ್ಥ. ಇದರ ತಿರುವುಮುರುವು ಇನ್ನೂ ಕೆಟ್ಟದ್ದು. 1 ಮಿಲಿಲೀಟರಿನಲ್ಲಿ ಕಲಸಿ ಯು-100ರಲ್ಲಿ ಎಳೆಯುವ ರೂಢಿಯಿರುವಲ್ಲಿ ಯು-40 ಕೈಗೆ ಬಂದರೆ ನಾಲ್ಕು ಯೂನಿಟ್ಟಿನ ಬದಲು ಹತ್ತು ಹೋಗುತ್ತದೆ, ಎರಡೂವರೆ ಪಟ್ಟು. ಇನ್ಸುಲಿನ್ನಿನ ಯೂನಿಟ್ಟಿಗೂ ಟಾಕ್ಸಿನ್ನಿನ ಯೂನಿಟ್ಟಿಗೂ ಹೆಸರೊಂದನ್ನು ಬಿಟ್ಟರೆ ಸಂಬಂಧವಿಲ್ಲ. ಟಾಕ್ಸಿನ್ನಿನ ಯೂನಿಟ್ ಇಲಿಗಳ ಮೇಲಿನ ಪರೀಕ್ಷೆಯಿಂದ ಹುಟ್ಟಿದ ಅಳತೆ. ಒಂದು ಕ್ಲಿನಿಕ್ ಒಂದೇ ಬಗೆಯ ಸಿರಿಂಜ್, ಒಂದೇ ಅಳತೆಯ ಸಲೈನ್ ಎಂದು ಗೊತ್ತು ಮಾಡಿಕೊಂಡು ಗೋಡೆಗೆ ಬರೆದು ಅಂಟಿಸುವುದು ಕ್ಷೇಮ.

ಒಂದು ಕಂಪನಿಯ ಯೂನಿಟ್ ಇನ್ನೊಂದಕ್ಕೆ ಸಮವಲ್ಲ ಎಂಬುದೂ ಅಷ್ಟೇ ಮುಖ್ಯ. ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್ 20 ಯೂನಿಟ್, ಡಿಸ್‌ಪೋರ್ಟ್ 50 ಯೂನಿಟ್.

ಕಲಸಿದ ವಯಲನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕೆಂಬುದು ಬೊಟಾಕ್ಸಿನ ಚೀಟಿಯ ನಿಯಮ. ಆರು ವಾರದವರೆಗೆ ಇಟ್ಟರೂ ಗುಣ ಕುಂದಲಿಲ್ಲವೆಂದು 2003ರ ಬ್ರೆಜಿಲ್ ಅಧ್ಯಯನವೊಂದು ಹೇಳಿದೆ. ಅದನ್ನು ಹಿಡಿದು ಎಷ್ಟೋ ಕಡೆ ವಾರಗಟ್ಟಲೆ ಇಡುತ್ತಾರೆ. ಶಕ್ತಿ ಉಳಿಯುವುದು ಒಂದು ಮಾತು, ಸೋಂಕು ಸೇರದಿರುವುದು ಇನ್ನೊಂದು. ದಿನಕ್ಕೆ ಹಲವು ಬಾರಿ ಕರೆಂಟು ಹೋಗುವ ಊರಿನಲ್ಲಿ ಆ ಅಧ್ಯಯನದ ಫ್ರಿಜ್ಜನ್ನು ನಂಬಿ ಕೂರುವಂತಿಲ್ಲ. ರೋಗಿಗಳು ವಿರಳವಾದ ಕಡೆ ನಾಲ್ಕೈದು ಜನರನ್ನು ಒಂದೇ ದಿನ ಕರೆಸಿ ವಯಲನ್ನು ಅಂದೇ ಮುಗಿಸುವುದು ಪ್ರಾಮಾಣಿಕ ದಾರಿ. ಆಗ ಪ್ರತಿಯೊಬ್ಬರಿಗೂ ಹೊಸ ಸಿರಿಂಜ್, ಹೊಸ ಸೂಜಿ. ಒಬ್ಬರಿಗೆ ಚುಚ್ಚಿದ ಸೂಜಿ ವಯಲಿಗೆ ಎಂದೂ ಮರಳಬಾರದು.

ಚುಚ್ಚುವಾಗ

ಮಯಸ್ತೇನಿಯಾ ಗ್ರೇವಿಸ್‌ನಂಥ ನರ-ಸ್ನಾಯು ಕಾಯಿಲೆಯಿರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚುಚ್ಚುವ ಜಾಗದಲ್ಲಿ ಸೋಂಕಿರುವವರು ಇವರಿಗೆ ಸುಕ್ಕಿನ ಸಲುವಾಗಿ ಈ ಸೂಜಿ ಬೇಡ. ಜೆಂಟಾಮೈಸಿನ್, ಅಮಿಕಾಸಿನ್ ಬಗೆಯ ಪ್ರತಿಜೀವಕ ತೆಗೆದುಕೊಳ್ಳುತ್ತಿರುವವರಲ್ಲಿ ಪರಿಣಾಮ ಮಿತಿಮೀರಬಹುದು. ಕಲಬುರಗಿ ಸೀಮೆಯಲ್ಲಿ ಕನ್ನಡ, ಉರ್ದು, ಮರಾಠಿ ಮೂರೂ ಮನೆಮಾತುಗಳು. ಒಪ್ಪಿಗೆಯ ಪತ್ರ ರೋಗಿಯ ಮಾತಿನಲ್ಲಿರಬೇಕು, ಓದಿ ಹೇಳಬೇಕು, ‘ಇದು ವಿಷದಿಂದ ಮಾಡಿದ ಮದ್ದು, ಗುಣ ಮೂರು ನಾಲ್ಕು ತಿಂಗಳಷ್ಟೇ’ ಎಂಬುದು ಅದರಲ್ಲಿ ಬಿಚ್ಚಿ ಹೇಳಿರಬೇಕು.

ಮುಖ ತೊಳೆಸಿ, ಹುಬ್ಬಿನ ನಡುವಿನ ಕುಂಕುಮ, ವಿಭೂತಿ, ಗಂಧವನ್ನು ಪೂರ್ತಿ ತೆಗೆಸಬೇಕು. ಚುಚ್ಚುವುದು ಸರಿಯಾಗಿ ಅದೇ ಜಾಗ. ಹುಬ್ಬು ಗಂಟಿಕ್ಕಲು ಹೇಳಿ ಸ್ನಾಯು ಎಲ್ಲಿ ಉಬ್ಬುತ್ತದೆಂದು ಗುರುತು ಮಾಡುತ್ತಾರೆ. ಬೊಟಾಕ್ಸ್ ಆದರೆ ಐದು ಕಡೆ ತಲಾ 4 ಯೂನಿಟ್: ನಡುವೆ ಒಂದು, ಎರಡೂ ಬದಿಗೆ ಎರಡೆರಡು. ಬದಿಯ ಹೊರಗಿನ ಚುಚ್ಚುಗಳು ಹುಬ್ಬಿನ ಮೂಳೆಯ ಅಂಚಿಗಿಂತ ಕನಿಷ್ಠ ಒಂದು ಸೆಂಟಿಮೀಟರ್ ಮೇಲೆ ಇರಬೇಕು. ಕೆಳಗಿಳಿದರೆ ಮದ್ದು ರೆಪ್ಪೆ ಎತ್ತುವ ಸ್ನಾಯುವಿಗೆ ಹರಿದು ರೆಪ್ಪೆ ಜೋಲುತ್ತದೆ. ಕಣ್ಣಿನ ಹೊರತುದಿಗೆ ಎರಡೂ ಕಡೆ ಸೇರಿ 24 ಯೂನಿಟ್, ಹಣೆಗೆ 20. ಹಣೆಗೆ ಮಾತ್ರ ಹಾಕಿದರೆ ಹುಬ್ಬು ಕುಸಿಯುವುದರಿಂದ ಹುಬ್ಬಿನ ನಡುವೆಯೂ ಸೇರಿಸಿ ಹಾಕುತ್ತಾರೆ.

ನಾಲ್ಕು ಗಂಟೆ ಮಲಗಬಾರದು, ಚುಚ್ಚಿದ ಜಾಗ ಉಜ್ಜಬಾರದು ಎಂಬುದು ವಾಡಿಕೆಯ ಸಲಹೆ. ಪುರಾವೆಗಿಂತ ಎಚ್ಚರಿಕೆ ಅದರಲ್ಲಿ ಹೆಚ್ಚು, ಆದರೂ ಪಾಲಿಸುವುದು ಒಳ್ಳೆಯದು. ಗಾಣಗಾಪುರಕ್ಕೆ ಹೊರಟವರಿಗೆ ಇದನ್ನು ಅವರ ದಿನಚರಿಯ ಮಾತಿನಲ್ಲೇ ಹೇಳಬೇಕು. ಅಂದು ಸಂಗಮದಲ್ಲಿ ಮುಳುಗು ಹಾಕಬೇಡಿ, ಹಣೆ ನೆಲಕ್ಕೆ ಒತ್ತಿ ಸಾಷ್ಟಾಂಗ ನಮಸ್ಕಾರ ಬೇಡ, ವಿಭೂತಿ ತಿಕ್ಕಿ ಹಚ್ಚಬೇಡಿ, ಪಟಗಾ ಬಿಗಿಯಾಗಿ ಸುತ್ತಬೇಡಿ. ದರ್ಶನ ಮುಗಿಸಿ ಬಂದ ಮೇಲೆ ಸೂಜಿ ಹಾಕಿಸಿಕೊಂಡರೆ ಈ ತೊಡಕೇ ಇಲ್ಲ.

ತಪ್ಪಿದಾಗ

ಸಣ್ಣ ತೊಂದರೆಗಳು ಸಾಮಾನ್ಯ: ರಕ್ತ ಹೆಪ್ಪುಗಟ್ಟಿದ ಕಲೆ, ತಲೆನೋವು, ಒಂದು ಹುಬ್ಬು ಮೇಲೆ ಇನ್ನೊಂದು ಕೆಳಗೆ. ರೆಪ್ಪೆ ಜೋತರೆ ವಾರಗಳಲ್ಲಿ ತಾನೇ ಸರಿಹೋಗುತ್ತದೆ, ಅಪ್ರಾಕ್ಲೊನಿಡಿನ್ ಹನಿ ಸ್ವಲ್ಪ ಎತ್ತಬಲ್ಲದು. ನುಂಗಲು, ಮಾತಾಡಲು, ಉಸಿರಾಡಲು ಕಷ್ಟವಾದರೆ ವಿಷ ದೂರಕ್ಕೆ ಹರಡಿದ ಲಕ್ಷಣ. ಅದು ದಿನಗಳು, ವಾರಗಳ ನಂತರವೂ ಬರಬಹುದು. ಹಳ್ಳಿಯ ದವಾಖಾನೆಯಲ್ಲಿ ಕಾಯದೆ ತುರ್ತು ಘಟಕವಿರುವ ಆಸ್ಪತ್ರೆಗೆ ಹೋಗಬೇಕು.

ಅಂಥ ದೊಡ್ಡ ಅನಾಹುತಗಳ ಹಿಂದೆ ಕಾಣುವುದು ಮೂಲ ಸರಿಯಿಲ್ಲದ ವಯಲು. 2004ರ ನವೆಂಬರಿನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಾಲ್ವರಿಗೆ ಸುಕ್ಕಿನ ಸೂಜಿಯಿಂದ ಮೈಯಿಡೀ ಪಾರ್ಶ್ವವಾಯು ಬಡಿಯಿತು, ಉಸಿರಾಟಕ್ಕೆ ಯಂತ್ರದ ನೆರವು ಬೇಕಾಯಿತು. ಚುಚ್ಚಿದ ವೈದ್ಯನೂ ಅವರಲ್ಲಿ ಒಬ್ಬ. ಬಳಸಿದ್ದು ಮನುಷ್ಯರಿಗಾಗಿ ತಯಾರಿಸದ, ಪ್ರಯೋಗಾಲಯದ ಟಾಕ್ಸಿನ್. ಅದರ ಒಂದು ವಯಲಿನಲ್ಲಿದ್ದದ್ದು 100 ಮೈಕ್ರೋಗ್ರಾಮ್. ಔಷಧದ 100 ಯೂನಿಟ್ಟಿನ ವಯಲಿನಲ್ಲಿ ಇರುವುದು ಸುಮಾರು 5 ನ್ಯಾನೊಗ್ರಾಮ್, ಅಂದರೆ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. 2024ರ ಏಪ್ರಿಲಿನ ಹೊತ್ತಿಗೆ ಅದೇ ದೇಶದ 11 ರಾಜ್ಯಗಳಲ್ಲಿ 22 ಜನರು ನಕಲಿ ಅಥವಾ ನಿಯಮ ಮೀರಿ ಕೊಟ್ಟ ಸೂಜಿಯಿಂದ ತೊಂದರೆಗೊಳಗಾದದ್ದು ವರದಿಯಾಯಿತು.

ಭಾರತದ ಕಾನೂನಿನ ಕಣ್ಣಿನಲ್ಲಿ ಇದು ಔಷಧ, ಸೌಂದರ್ಯ ಸಾಧನವಲ್ಲ. ಬ್ಯೂಟಿ ಪಾರ್ಲರಿನಲ್ಲಿ, ಮನೆಯಲ್ಲಿ, ಜಾತ್ರೆಯ ಶಿಬಿರದಲ್ಲಿ ಹಾಕುವಂಥದಲ್ಲ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ, ವಯಲಿನ ಪೆಟ್ಟಿಗೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇವನ್ನು ತೋರಿಸಿ ಎಂದು ಕೇಳುವುದು ರೋಗಿಯ ಹಕ್ಕು. ತನ್ನ ಕಣ್ಣೆದುರೇ ಕಲಸಿ ಎಂದೂ ಕೇಳಬಹುದು.

ಉಳಿದದ್ದು

ವಯಲಿನ ತಳದಲ್ಲಿ ಉಳಿದ ಹನಿಯೂ ವಿಷವೇ. ಉಳಿದ ದ್ರವವನ್ನು 0.5 ಶೇಕಡಾ ಸೋಡಿಯಂ ಹೈಪೊಕ್ಲೋರೈಟ್ ಬೆರೆಸಿ ನಿಷ್ಕ್ರಿಯಗೊಳಿಸುತ್ತಾರೆ. ಮೇಜಿನ ಮೇಲೆ ಚೆಲ್ಲಿದರೂ ಅದರಲ್ಲೇ ತೊಯ್ದ ಬಟ್ಟೆಯಿಂದ ಒರೆಸಬೇಕು. ಚರ್ಮಕ್ಕೆ ತಾಗಿದರೆ ಸಾಬೂನು ಹಾಕಿ ಧಾರಾಳ ನೀರಿನಲ್ಲಿ, ಕಣ್ಣಿಗೆ ಸಿಡಿದರೆ ಬರಿಯ ನೀರಿನಲ್ಲಿ ತೊಳೆಯಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿ ಕೂಡಿದ ಸಿರಿಂಜ್ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜಿನ ವಯಲು ನೀಲಿ ಗುರುತಿನ ಪೆಟ್ಟಿಗೆಗೆ, ಅವಧಿ ಮೀರಿದ ಔಷಧ ಹಳದಿ ಚೀಲಕ್ಕೆ ಹೋಗಬೇಕು. ಖಾಲಿ ವಯಲು ಮೇಲೆ ಅಂಟಿಸಿದ ಚೀಟಿ ಸಮೇತ ಕಸಕ್ಕೆ ಬಿದ್ದರೆ ನಕಲಿ ತುಂಬುವವರ ಕೈ ಸೇರಬಹುದು, ಆದ್ದರಿಂದ ಚೀಟಿಯನ್ನು ಮೊದಲು ಗೀಚಿ ಹಾಳುಮಾಡುತ್ತಾರೆ. ಆಮೇಲೆ ರಿಜಿಸ್ಟರಿನಲ್ಲಿ ಕೊನೆಯ ಸಾಲು: ಬ್ಯಾಚ್ ಸಂಖ್ಯೆ, ಕಲಸಿದ ಗಂಟೆ, ಯಾರಿಗೆ ಎಲ್ಲೆಲ್ಲಿ ಎಷ್ಟು ಯೂನಿಟ್, ಎಸೆದದ್ದು ಎಷ್ಟು, ಎಸೆದವರ ಸಹಿ.